ಬೇಲಿಯೊಳಗಿನ ಊಟ

ಲೋಕದ ಅಂಗಡಿಗಳೆಲ್ಲ ಒಂದೇ ದಿನ ಬಾಗಿಲು ಹಾಕಿದರೆ ಕೊಡಗಿನಲ್ಲಿ ಬದುಕಿ ಉಳಿಯುವವರು ಇಬ್ಬರೇ: ಒಬ್ಬರು ನನ್ನ ಸೋದರಮಾವ, ಇನ್ನೊಬ್ಬರು ಅವರನ್ನು ಮದುವೆಯಾದ ತಪ್ಪಿಗೆ ನನ್ನ ಅತ್ತೆ. ಇದು ನನ್ನ ಲೆಕ್ಕವಲ್ಲ, ಮಾವನದೇ. ಉಳಿದ ನಾವೆಲ್ಲ ಏನಾಗುತ್ತೇವೆಂದು ಕೇಳಿದರೆ ಅವರು ನಮ್ಮನ್ನು ಕನಿಕರದಿಂದ ನೋಡುತ್ತಾರೆ.

ಮಾವ ಕುಟ್ಟದ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದು, ನಿವೃತ್ತರಾದ ಮೇಲೆ ನಾಪೋಕ್ಲು ಹತ್ತಿರದ ತಮ್ಮ ಚೂರು ಗದ್ದೆ, ಚೂರು ಕಾಫಿಯ ನಡುವೆ ನೆಲೆಸಿದವರು. ಒಂದು ಮಳೆಗಾಲ ಹೊಳೆ ರಸ್ತೆಯ ಮೇಲೆ ಹರಿದು, ಲಾರಿ ಬಾರದೆ, ಪೇಟೆಯ ಅಂಗಡಿಯಲ್ಲಿ ಅಕ್ಕಿ ಮುಗಿಯಿತು. ಹೊಳೆ ಇಳಿಯಿತು, ಅಕ್ಕಿ ಬಂತು. ಮಾವನ ತಲೆಗೆ ಹೊಕ್ಕ ನೀರು ಮಾತ್ರ ಇಳಿಯಲಿಲ್ಲ. ಇನ್ನು ನಮ್ಮ ಬೇಲಿಯೊಳಗೆ ಬೆಳೆದದ್ದನ್ನಲ್ಲದೆ ಬೇರೇನನ್ನೂ ಬಾಯಿಗೆ ಹಾಕುವುದಿಲ್ಲ ಎಂದು ಘೋಷಿಸಿಬಿಟ್ಟರು. ಅತ್ತೆಯ ಬಾಯಿಯ ವಿಚಾರದಲ್ಲಿ ಅತ್ತೆಯನ್ನು ಯಾರೂ ಕೇಳಲಿಲ್ಲ.

ಮೊದಲು ಹೋದದ್ದು ಸಕ್ಕರೆ. ಅದರ ಜಾಗಕ್ಕೆ ಜೇನುಪೆಟ್ಟಿಗೆ ಬಂತು. ಆಹಾರ ಭದ್ರತೆಯ ವಿಚಾರವನ್ನು ಜೇನುಹುಳುಗಳಿಗೆ ತಿಳಿಸಿ ಹೇಳುವವರು ಯಾರು? ಪೆಟ್ಟಿಗೆ ತೆರೆದ ದಿನವೇ ಮಾವನ ಮುಖ ಹಲಸಿನ ಹಣ್ಣಿನಷ್ಟಾಯಿತು. ಮುಲಾಮಿಗೆಂದು ಪೇಟೆಗೆ ಹೋದರೆ, ದಿನವೂ ಹರಟುವ ಮೆಡಿಕಲ್ ಅಂಗಡಿಯವರೇ ಬಹಳ ಮರ್ಯಾದೆಯಿಂದ, "ತಮ್ಮದು ಯಾವೂರಾಯ್ತು? ಇಲ್ಲಿ ಯಾರ ಮನೆಗೆ ಬಂದದ್ದು?" ಎಂದು ವಿಚಾರಿಸಿದರಂತೆ. ಮಾವ ಗುರುತು ಬಿಟ್ಟುಕೊಡದೆ, ಕರಿಕೆಯಿಂದ ಬಂದವನೆಂದು ಹೇಳಿ ವಾಪಸಾದರು.

ಆಮೇಲೆ ಉಪ್ಪು. ಸಮುದ್ರ ಇರುವುದು ಘಟ್ಟದ ಕೆಳಗೆ. ಬೇಲಿಯೊಳಗೆ ಉಪ್ಪು ಬೆಳೆಯುವುದು ಹೇಗೆ? ಕೆಲವು ದಿನ ಸಪ್ಪೆ ಸಾರು ಉಂಡ ಮಾವ, ಕೊಂಡ ಉಪ್ಪು ವರ್ಜ್ಯ, ಆದರೆ ನೆಂಟರು ಪ್ರೀತಿಯಿಂದ ತಂದುಕೊಟ್ಟ ಉಪ್ಪು ವರ್ಜ್ಯವಲ್ಲ ಎಂಬ ಹೊಸ ಕಾನೂನು ತಂದರು. ಅಲ್ಲಿಂದ ಮುಂದೆ ಬಾಳೆಹಣ್ಣು ಹಿಡಿದು ಹೋದವರಿಗೆ ಬರೀ ಕಾಫಿ, ಉಪ್ಪು ಹಿಡಿದು ಹೋದವರಿಗೆ ಊಟ. ಮಾವನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಯಾರೋ ಈ ಪದ್ಧತಿ ಹೇಳಿಬಿಟ್ಟಿದ್ದರು. ಹೂವು, ಹಣ್ಣು, ವೀಳ್ಯದೆಲೆಯ ಜೊತೆ ತಟ್ಟೆಯಲ್ಲಿ ಒಂದು ದೊಡ್ಡ ಪೊಟ್ಟಣ ಕಲ್ಲುಪ್ಪು! ಮಾವ ಹುಡುಗನ ಕೆಲಸ ಏನೆಂದೂ ಕೇಳದೆ ಸಂಬಂಧ ಒಪ್ಪಿದರು.

"ನನ್ನನ್ನು ನೋಡ್ಲಿಕ್ಕೆ ಇವರು ಬರಿಗೈಯಲ್ಲಿ ಬಂದಿದ್ರು," ಎಂದರು ಅತ್ತೆ ಅಡುಗೆಮನೆಯಿಂದ.

ನೆಂಟರು ಒಪ್ಪಿದರೂ ಕಾಡುಹಂದಿಗಳು ಒಪ್ಪಲಿಲ್ಲ. ಮಾವ ನೆಟ್ಟ ಮರಗೆಣಸನ್ನು ಬುಡಸಮೇತ ಕೆದಕಿ ತಿಂದವು. ಪಾಪ, ಅವಕ್ಕೂ ಹೊಟ್ಟೆಯಿದೆಯಲ್ಲ ಎಂದುಕೊಂಡ ಮಾವ ಬೇಲಿಯ ಹೊರಗೆ, ತಮ್ಮದೇ ಖಾಲಿ ಜಾಗದಲ್ಲಿ ಅವುಗಳಿಗೆಂದೇ ಒಂದು ಸಾಲು ಗೆಣಸು ನೆಟ್ಟು, "ಹಂದಿಗಳಿಗೆ" ಎಂದು ಬೋರ್ಡನ್ನೂ ನಿಲ್ಲಿಸಿದರು. ಹಂದಿಗಳು ಮರ್ಯಾದಸ್ಥರ ಹಾಗೆ ಆ ಸಾಲನ್ನು ಮುಟ್ಟದೆ, ಬೇಲಿ ನುಗ್ಗಿ ಒಳಗೆ ಮತ್ತೆ ನೆಟ್ಟದ್ದನ್ನೇ ಮುಗಿಸಿದವು. ಈಗ ಬಂತು ಧರ್ಮಸಂಕಟ. ಗೆಣಸು ಇದೆ, ಆದರೆ ಬೇಲಿಯ ಹೊರಗಿದೆ! ಮಾವ ಬೆಳಗಿನಿಂದ ಜಗಲಿಯಲ್ಲಿ ಕೂತು ಯೋಚಿಸಿದರು. ಮಧ್ಯಾಹ್ನ ಎದ್ದು ಹೋಗಿ ಬೇಲಿಯನ್ನೇ ಕಿತ್ತು ಗೆಣಸಿನ ಆಚೆಗೆ ಹಾಕಿದರು. ಸಂಜೆ ಹಂದಿಗಳ ಪಾಲನ್ನು ಬೇಯಿಸಿಕೊಂಡು ನಾವೆಲ್ಲ ತಿಂದೆವು.

ಕಳೆದ ಮಳೆಗಾಲ ಅತ್ತೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಮಡಿಕೇರಿಯ ಆಸ್ಪತ್ರೆಯಲ್ಲಿದ್ದರು. ಮಾವ ಮನೆಯಿಂದ ಅಕ್ಕಿರೊಟ್ಟಿ, ಎಳೆಬಿದಿರಿನ ಕಣಿಲೆ ಸಾರು ಹೊತ್ತು ತಂದರೆ, ಡಾಕ್ಟರು ಅದೆಲ್ಲ ಬೇಡ, ಇವತ್ತಿಗೆ ಬ್ರೆಡ್ಡು, ಹಾಲು ಮಾತ್ರ ಎಂದುಬಿಟ್ಟರು. ನಾನು ಕ್ಯಾಂಟೀನಿಗೆ ಹೋಗಿ ತಂದೆ. ಅತ್ತೆ ಮುಖ ತಿರುಗಿಸಿದರು. ಇಷ್ಟು ವರ್ಷ ಅವರು ಉಣ್ಣದ್ದನ್ನು ನಾನು ಉಂಡಿಲ್ಲ, ಈಗ ಒಬ್ಬಳೇ ಹೇಗೆ ತಿನ್ನಲಿ ಎಂದು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದರು. ಅದು ಮಾವನಿಗೂ ಕೇಳಿಸಿತು.

ಮಾವ ನನ್ನ ಕೈಯಿಂದ ಆ ಬ್ರೆಡ್ಡನ್ನು ತೆಗೆದುಕೊಂಡರು. ಆಮೇಲೆ ಒಂದು ತುಂಡು ಮುರಿದು, ಹಾಲಿನಲ್ಲಿ ಅದ್ದಿ, ತಮ್ಮ ಬಾಯಿಗೆ ಹಾಕಿಕೊಂಡು ನುಂಗಿದರು. ಇನ್ನೊಂದು ತುಂಡು ಅದ್ದಿ ಅತ್ತೆಯ ತುಟಿಯ ಹತ್ತಿರ ಹಿಡಿದರು.

"ತಿನ್ನು. ನಾನು ಇಷ್ಟೆಲ್ಲ ಮಾಡಿದ್ದು ನೀನು ಹಸಿದು ಮಲಗಬಾರದು ಅಂತ ಅಲ್ವಾ."

ಅತ್ತೆ ಬಾಯಿ ತೆರೆದರು. ಗಲ್ಲಕ್ಕೆ ಇಳಿದ ಹಾಲನ್ನು ಮಾವ ಹೆಗಲ ಮೇಲಿನ ಬೈರಾಸಿನಿಂದ ಒರೆಸಿ, ಮುಂದಿನ ತುಂಡು ಮುರಿದರು.