ಹಿಟ್ಟಿನ ಚೀಲಕ್ಕೆ ಎದೆಯೊಡ್ಡಿದವರು

ಗಲ್ಲಕ್ಕೆ ಸೋಪಿನ ನೊರೆ ಮೆತ್ತಿಸಿಕೊಂಡು ಕೂತವರು ಏನೇ ಹೇಳಲಿ, ಹೂಂಗುಟ್ಟುವುದು ರೆಜಿಮೆಂಟಿನ ಕ್ಷೌರಿಕನ ಹದಿನೆಂಟು ವರ್ಷದ ಅಭ್ಯಾಸ. ಗಿರಾಕಿ ಮಳೆ ಬರುತ್ತದೆ ಎಂದರೆ ಹೌದು, ಬರುವುದಿಲ್ಲ ಎಂದರೆ ಅದೂ ಹೌದು. ಹೀಗಾಗಿ ಮೂರು ವಾರದ ಹಿಂದೆ ಕ್ಯಾಪ್ಟನ್ ಸಾಹೇಬರು ನೊರೆಯೊಳಗಿಂದಲೇ, “ಹೊಳೆ ಆಚೆ ಇರೋ ಶತ್ರುವಿನ ಮದ್ದಿನ ಉಗ್ರಾಣ ಉಡಾಯಿಸೋಕೆ ಕಮಾಂಡೊ ತುಕಡಿ ಕಟ್ತಿದೀನಿ. ನೀನೂ ಬರ್ತೀಯಾ?” ಎಂದಾಗ, ಅವನು ಕತ್ತಿ ಮಸೆಯುತ್ತ, “ಅದಕ್ಕೇನಂತೆ ಸಾರ್, ಧಾರಾಳವಾಗಿ” ಎಂದುಬಿಟ್ಟ. ತಾನು ಏನಂದೆ ಎಂಬುದು ಅವನಿಗೆ ಅರ್ಥವಾದದ್ದು ಸಂಜೆ ಕೈಗೆ ಬಂದೂಕು ಬಂದಾಗ.

ತುಕಡಿಯಲ್ಲಿ ಎಲ್ಲರೂ ಅವನನ್ನು ‘ಕತ್ರಿ’ ಎಂದೇ ಕರೆಯುತ್ತಿದ್ದರು. ಅವನಲ್ಲದೆ ಇನ್ನೂ ಮೂವರಿದ್ದರು. ಒಬ್ಬ ಪೈಲ್ವಾನ್, ಎತ್ತಿನಂಥ ಮೈ, ಆದರೆ ಜಿರಲೆ ಕಂಡರೆ ಬೆಂಚು ಹತ್ತುವವನು. ಇನ್ನೊಬ್ಬರು ಲೆಕ್ಕದ ಮೇಷ್ಟ್ರು. ಕನ್ನಡಕ ತೆಗೆದರೆ ಗೋಡೆಗೂ ಬಾಗಿಲಿಗೂ ವ್ಯತ್ಯಾಸ ತಿಳಿಯದು. ಮೂರನೆಯವನು ನಾಟಕದ ನಟ. ಅವನು ಪಿಸುಗುಟ್ಟಿದರೆ ಎರಡು ಬೀದಿ ಆಚೆ ಕೇಳಿಸುತ್ತಿತ್ತು. ಮೂರು ವಾರ ಇವರೆಲ್ಲ ಒಬ್ಬರ ಕಾಲು ಒಬ್ಬರು ತುಳಿದುಕೊಂಡು, ಒಬ್ಬರ ಮೇಲೊಬ್ಬರು ದೂರು ಹೇಳಿಕೊಂಡು ತರಬೇತಿ ಮುಗಿಸಿದ್ದರು.

ಈ ದಿನ ಪರೀಕ್ಷೆ. ಪಾಳುಬಿದ್ದ ಇಟ್ಟಿಗೆ ಕಾರ್ಖಾನೆಯ ಆಫೀಸು ಕೋಣೆಯಲ್ಲಿ ಒಬ್ಬ ಹವಾಲ್ದಾರ್ ಕೂತಿದ್ದಾನೆ. ಸುತ್ತ ಅವನ ಕಾವಲಿನವರು. ಮಧ್ಯಾಹ್ನದೊಳಗೆ ಹವಾಲ್ದಾರನನ್ನು ಸೆರೆ ಹಿಡಿಯಬೇಕು.

“ಕಾವಲಿನವರ ಹತ್ರ ಹಿಟ್ಟಿನ ಚೀಲ ಇದೆ,” ಎಂದರು ಕ್ಯಾಪ್ಟನ್. “ಹಿಟ್ಟು ಮೆತ್ತಿಕೊಂಡೋನು ಸತ್ತ ಅಂತ ಲೆಕ್ಕ. ಸತ್ತೋನಿಗೆ ಈ ತುಕಡಿಯಲ್ಲಿ ಜಾಗ ಇಲ್ಲ, ಹಳೇ ಕೆಲಸಕ್ಕೆ ವಾಪಸ್. ಆದ್ರೆ ಬೇಕೂಂತ ಸಾಯೋಕೆ ಹೋದೋನಿಗೆ ಜೈಲು!”

ಕ್ಷೌರಿಕನ ಎದೆಯಲ್ಲಿ ದೀಪ ಹತ್ತಿತು. ಹಳೇ ಕೆಲಸ! ತಿರುಗುವ ಕುರ್ಚಿ, ಬಿಸಿನೀರು, ಹೂಂಗುಟ್ಟಿದರೆ ಮುಗಿಯಿತು. ಆಕಸ್ಮಿಕ ಎನ್ನುವಂತೆ ಒಂದು ಚೀಲ ಬಿದ್ದರೆ ಸಾಕು.

ಬೇಲಿಯ ಪಕ್ಕ ನಾಲ್ವರೂ ತೆವಳುತ್ತಿದ್ದಾಗ ಅವನು ಮೂಗಿಗೆ ಹುಲ್ಲುಕಡ್ಡಿ ತುರುಕಿಕೊಂಡು ಭರ್ಜರಿಯಾಗಿ ಸೀನಿದ. ಕಿಟಕಿಯಲ್ಲಿ ಕಾವಲುಗಾರ ಕಾಣಿಸಿಕೊಂಡ. ಚೀಲ ಹಾರಿ ಬಂತು. ಕ್ಷೌರಿಕ ಕಣ್ಣು ಮುಚ್ಚಿ ಕಾದ. ಅಷ್ಟರಲ್ಲಿ ಪೈಲ್ವಾನ್, “ಕತ್ರಿ, ಆ ಕಡೆ ಸರಿ!” ಎಂದು ಗುಡುಗಿ ಅವನನ್ನು ಚರಂಡಿಗೆ ನೂಕಿ, ಚೀಲವನ್ನು ಎದೆಗೇ ತೆಗೆದುಕೊಂಡ. ಚರಂಡಿಯಿಂದ ಮೇಲೆದ್ದು ನೋಡಿದರೆ ಪೈಲ್ವಾನನ ಕಣ್ಣಲ್ಲಿ ನೀರು.

“ನೀನು ಮುಂದೆ ಹೋಗಪ್ಪಾ,” ಎಂದ ಅವನು.

ಕ್ಷೌರಿಕನಿಗೆ ಒಂಥರಾ ಆಯಿತು. ಇವನ ಗೊರಕೆಗೆ ತಾನು ಎಷ್ಟು ಶಾಪ ಹಾಕಿದ್ದೆ!

ಆದರೂ ಕುರ್ಚಿಯ ಆಸೆ ಬಿಡಲಿಲ್ಲ. ಇಟ್ಟಿಗೆ ಸುಡುವ ಗೂಡಿನ ಗೋಡೆಯ ಹಿಂದೆ ಮೇಷ್ಟ್ರು ಕಾವಲುಗಾರನ ಹೆಜ್ಜೆ ಎಣಿಸುತ್ತಿದ್ದರು. “ತೊಂಬತ್ತಕ್ಕೆ ಅವನು ಆ ಕಡೆ ತಿರುಗ್ತಾನೆ. ಆಗ ಓಡೋಣ.” ಕ್ಷೌರಿಕ ಎಂಬತ್ತಕ್ಕೇ ಎದ್ದು ನಿಂತ. ಚೀಲ ಬಂತು. “ಲೆಕ್ಕ ತಪ್ಪಿದ್ಯಲ್ಲಯ್ಯಾ!” ಎಂದು ಕೂಗುತ್ತ ಮೇಷ್ಟ್ರು, ಆ ವಯಸ್ಸಿನಲ್ಲಿ, ಕೋತಿಯಂತೆ ಜಿಗಿದು ಅವನ ಮುಂದೆ ಕೈ ಚಾಚಿ ನಿಂತರು. ಕನ್ನಡಕದ ಎರಡೂ ಗಾಜು ಬೆಳ್ಳಗಾದವು.

ಅಂಗಳದಲ್ಲಿ ಕ್ಷೌರಿಕ ತಗಡಿನ ಬಕೆಟ್ಟು ಒದ್ದ. ಎರಡು ಚೀಲ ಒಟ್ಟಿಗೇ ಬಂದವು. ಎರಡನ್ನೂ ಹಿಡಿದವನು ನಟ. ಅವನು ಸಾಯಲು ಐದು ನಿಮಿಷ ತೆಗೆದುಕೊಂಡ. ಬಿದ್ದ, ಎದ್ದ, ಆಕಾಶಕ್ಕೆ ಕೈ ತೋರಿಸಿದ, ಮತ್ತೆ ಬಿದ್ದ. ಕಾವಲಿನವರು ಚಪ್ಪಾಳೆ ತಟ್ಟಿದರು. ಕ್ಷೌರಿಕ ಮಾತ್ರ ಬಿಕ್ಕುತ್ತಿದ್ದ. ಸ್ವಂತ ತಮ್ಮ ಕೂಡ ತನಗಾಗಿ ಒಂದು ಲೋಟ ನೀರು ತಂದವನಲ್ಲ!

ಕಣ್ಣೊರೆಸಿಕೊಂಡು ಅವನು ನೇರವಾಗಿ ಆಫೀಸು ಕೋಣೆಗೇ ನಡೆದ. “ಅಣ್ಣಾ, ನನ್ನನ್ನೂ ಕೊಂದ್ಬಿಡಿ.”

ಹವಾಲ್ದಾರ್ ತಲೆ ಕೆರೆದುಕೊಂಡ. “ಚೀಲ ಖಾಲಿ ಕಣಯ್ಯಾ. ಹಿಟ್ಟು ತರೋಕೆ ಒಬ್ಬ ಹೋಗಿದಾನೆ. ಅವನು ಬರೋವರೆಗೆ ಈ ಗಡ್ಡ ತೆಗೆದುಬಿಡು. ನೀನು ಬಿಟ್ಟುಹೋದಾಗಿನಿಂದ ಅಂಗಡಿಗೆ ಬೀಗ. ಮುಖ ಪೊದೆ ಆಗಿದೆ.”

ಕೆಲಸ ಸಿಕ್ಕರೆ ಕ್ಷೌರಿಕನ ಕೈ ಸುಮ್ಮನಿರುವುದಿಲ್ಲ. ಜೇಬಿನಿಂದ ಕತ್ತಿ, ಸೋಪು ತೆಗೆದ. ನೊರೆ ಎದ್ದಿತು. ಒಂದು ಕೆನ್ನೆ ಮುಗಿದು, ಹವಾಲ್ದಾರನ ತಲೆ ಹಿಂದಕ್ಕೆ ವಾಲಿಸಿ, ಗಂಟಲ ಮೇಲೆ ಕತ್ತಿಯಿಟ್ಟಿದ್ದ. ಆಗ ಬಾಗಿಲು ತೆರೆಯಿತು.

“ಶಹಬ್ಬಾಸ್!” ಕ್ಯಾಪ್ಟನ್ ಸಾಹೇಬರ ಧ್ವನಿ ಕೋಣೆ ತುಂಬಿತು. “ಒಬ್ಬಂಟಿ! ಒಂದು ಗುಂಡೂ ಹಾರಿಸದೆ! ಹವಾಲ್ದಾರ್, ಅಲ್ಲಾಡಬೇಡ, ನೀನು ಸೆರೆ! ಕತ್ರೀ, ಇವತ್ತು ನಿನಗೇನು ಬೇಕೋ ಕೇಳು, ಕೊಡ್ತೀನಿ.”

ಕ್ಷೌರಿಕನ ನಾಲಿಗೆಯ ತುದಿಯಲ್ಲೇ ಇತ್ತು ಅಂಗಡಿ. ಬಾಯಿ ತೆರೆದ. ಕಿಟಕಿಯಾಚೆ, ಅಂಗಳದ ಕಟ್ಟೆಯ ಮೇಲೆ, ತಲೆಯಿಂದ ಕಾಲಿನವರೆಗೆ ಬೆಳ್ಳಗಾದ ಮೂವರು ತಲೆ ತಗ್ಗಿಸಿ ಕೂತಿದ್ದರು. ತನಗಾಗಿ ಎದೆಯೊಡ್ಡಿದವರು! ಇವರನ್ನು ಕೈಬಿಟ್ಟು ಗಡ್ಡ ಕೆರೆಯುತ್ತ ಕೂತರೆ ತಾನು ಮನುಷ್ಯನೇ?

“ಸಾರ್,” ಎಂದ. “ಆ ಮೂವರನ್ನ ಕಳಿಸಬೇಡಿ. ಅವರನ್ನ ಇಲ್ಲೇ ಉಳಿಸಿಕೊಂಡ್ರೆ ನಾನೂ ಇರ್ತೀನಿ.”

ಕ್ಯಾಪ್ಟನ್ ಮೂಗು ಒರೆಸಿಕೊಂಡರು. “ಉಳಿಸಿಕೊಂಡೆ! ಮುಂದಾಳು ನೀನೇ. ನಾಳೆ ಬೆಳಿಗ್ಗೆ ಹೊಳೆ ದಾಟ್ತೀರಿ.”

ಕ್ಷೌರಿಕ ಓಡೋಡಿ ಅಂಗಳಕ್ಕೆ ಬಂದ. “ಅಣ್ಣಂದಿರಾ! ಯಾರೂ ಹೋಗಬೇಕಾಗಿಲ್ಲ! ನಿಮ್ಮನ್ನ ಉಳಿಸಿಕೊಂಡೆ!”

ಮೂವರೂ ತಲೆಯೆತ್ತಿದರು. ಪೈಲ್ವಾನ್ ಮೆಲ್ಲಗೆ ಕೇಳಿದ, “ಯಾಕೆ?”

“ಯಾಕೆ ಅಂದ್ರೆ? ನನ್ನ ಕಾಪಾಡೋಕೆ ನೀನು ಚೀಲಕ್ಕೆ...”

“ನಿನ್ನ ಯಾರಯ್ಯಾ ಕಾಪಾಡಿದ್ದು? ಚೀಲಕ್ಕೆ ನೀನು ಅಡ್ಡ ನಿಂತಿದ್ದೆ, ಅದಕ್ಕೇ ನೂಕಿದೆ! ಬೇಕೂಂತ ಸತ್ತೆ ಅನ್ನೋ ಹಾಗಿಲ್ಲ, ಗೆಳೆಯನಿಗೋಸ್ಕರ ಸತ್ತೆ ಅಂದ್ರೆ ಯಾರು ಜೈಲಿಗೆ ಹಾಕ್ತಾರೆ? ಖುಷಿಗೆ ಅಳು ಬಂದಿತ್ತು ಕಣೋ ನನಗೆ!”

“ಭಾನುವಾರ ಬರ್ತೀನಿ ಅಂತ ಮನೆಯವಳಿಗೆ ಈಗಷ್ಟೇ ಕಾಗದ ಬರೆದೆ,” ಎಂದರು ಮೇಷ್ಟ್ರು, ಕನ್ನಡಕ ಒರೆಸುತ್ತ. “ಅಂಚೆಗೆ ಹಾಕೋದು ಒಂದೇ ಬಾಕಿ ಇತ್ತು.”

ನಟ ಆಗಲೇ ಅಂಗಿಯ ತೋಳು ಮಡಚುತ್ತಿದ್ದ.

“ನಾನೂ ನಿಮ್ಮ ಥರಾನೇ...” ಎಂದು ಕ್ಷೌರಿಕ ಶುರುಮಾಡಿದ. ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಮೂವರೂ ಒಟ್ಟಿಗೆ ಎದ್ದರು. ಮೂರು ವಾರದಲ್ಲಿ ಒಮ್ಮೆಯೂ ಕಾಣದಿದ್ದ ಒಗ್ಗಟ್ಟು. ಪೈಲ್ವಾನ್ ಎಡಕ್ಕೆ, ನಟ ಬಲಕ್ಕೆ, ಮೇಷ್ಟ್ರು ನಡುವೆ. ಒಂದೇ ಹೆಜ್ಜೆ, ಒಂದೇ ಗುರಿ.

ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಕ್ಯಾಪ್ಟನ್ ಸಾಹೇಬರು ಹೆಮ್ಮೆಯಿಂದ ಹವಾಲ್ದಾರನಿಗೆ ಹೇಳಿದರು: “ನೋಡಯ್ಯಾ, ಈಗ ಬಂತು ನೋಡು ತುಕಡಿಗೆ ಒಂದು ಕಳೆ!”