ಕಷ್ಟದ ಕೆಲಸ ಮೊದಲು

ನೀರು ಸಂಪರ್ಕ ಕಚೇರಿಯ ಕಾರ್ಯದಕ್ಷತೆ ಕಳೆದ ಮೂರು ತಿಂಗಳಲ್ಲಿ ಶೇಕಡಾ ನೂರ ಹನ್ನೆರಡರಷ್ಟು ಏರಿದೆ ಎಂಬುದು ದಾಖಲಾದ ಸಂಗತಿ. ಅದೇ ಅವಧಿಯಲ್ಲಿ ಊರಿನ ಒಂದು ಮನೆಗೂ ಹೊಸ ನಲ್ಲಿ ಬಂದಿಲ್ಲ ಎಂಬುದೂ ದಾಖಲಾಗಿದೆ; ಆದರೆ ಅದು ಬೇರೆ ಕಡತ.

ಇದಕ್ಕೆಲ್ಲ ಮೂಲ ಸಾಹೇಬರ ಮೂರು ದಿನದ ತರಬೇತಿ. ಬರಿಗೈಲಿ ಹೋದ ಸಾಹೇಬರು ಬರುವಾಗ ಒಂದು ಚೀಲ, ಒಂದು ಪೆನ್ನು, ಒಂದು ಸೂತ್ರ ತಂದರು. ಚೀಲ ಮನೆ ಸೇರಿತು, ಪೆನ್ನು ಜೇಬು ಸೇರಿತು, ಸೂತ್ರ ಸುತ್ತೋಲೆಯಾಯಿತು:

"ದಿನದ ಅತಿ ಕಷ್ಟದ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮಾಡತಕ್ಕದ್ದು. ಅದು ಮುಗಿಯುವ ತನಕ ಸುಲಭದ ಕೆಲಸವನ್ನು ಯಾರೂ ಮುಟ್ಟತಕ್ಕದ್ದಲ್ಲ. ಮುಟ್ಟಿದವರು ಲಿಖಿತ ವಿವರಣೆ ಕೊಡತಕ್ಕದ್ದು. ಸದರಿ ವಿವರಣೆಯನ್ನು ಸುಲಭವಾಗಿ ಬರೆಯತಕ್ಕದ್ದಲ್ಲ."

ಯಾವುದು ಎಷ್ಟು ಕಷ್ಟ ಎಂದು ತೂಗಲು ಐದು ಜನರ ಕಷ್ಟಮಾಪನ ಸಮಿತಿ ರಚನೆಯಾಯಿತು. ಒಳಬಂದ ಪ್ರತಿ ಕಾಗದಕ್ಕೂ ನೂರಕ್ಕೆ ಇಷ್ಟು ಅಂತ ಅಂಕ. ಮುಗಿಸಿದ ಕೆಲಸಕ್ಕಲ್ಲ, ಕೈಗೆತ್ತಿಕೊಂಡ ಕಷ್ಟಕ್ಕೆ ಅಂಕ ಕೂಡುವ ಪದ್ಧತಿ ಬಂದದ್ದರಿಂದ ಕಾರ್ಯದಕ್ಷತೆ ಎರಡೇ ವಾರದಲ್ಲಿ ಮೇಲಕ್ಕೆ ಹಾರಿತು.

ಈ ಹಾರಾಟದ ನಡುವೆ ಟಪಾಲಮ್ಮ ಹತ್ತು ದಿನದ ರಜೆಗೆ ಅರ್ಜಿ ಹಾಕಿದಳು. ಮೂವತ್ತು ವರ್ಷದಿಂದ ಟಪಾಲು ವಿಭಾಗದಲ್ಲಿ ಮುದ್ರೆ ಒತ್ತುತ್ತಿದ್ದವಳಿಗೆ ಆ ಹೆಸರೇ ಗಟ್ಟಿಯಾಗಿತ್ತು. ಪಕ್ಕದ ಪಟ್ಟಣದಲ್ಲಿದ್ದ ಒಬ್ಬಳೇ ಮಗಳಿಗೆ ಚೊಚ್ಚಲ ಹೆರಿಗೆ. ಡಾಕ್ಟರು ಇನ್ನು ಹನ್ನೆರಡು ದಿನ ಎಂದಿದ್ದರು. "ಅಮ್ಮಾ, ನೀನು ಪಕ್ಕದಲ್ಲಿ ಇಲ್ಲದಿದ್ರೆ ನನಗೆ ಭಯ" ಎಂದು ಮಗಳು ಫೋನಿನಲ್ಲಿ ಅತ್ತಿದ್ದಳು. ಭಯ ಟಪಾಲಮ್ಮನಿಗೂ ಇತ್ತು, ಮಗಳಿಗಿಂತ ಒಂದು ಕೈ ಹೆಚ್ಚೇ ಇತ್ತು.

ಅರ್ಜಿಗೆ ಎರಡು ಅಂಕ ಬಂತು. ಅದರಲ್ಲೂ ಒಂದು ಕೈಬರಹಕ್ಕೆ.

"ನಿಮ್ಮ ಅರ್ಜಿಗೆ ಇರೋ ತೊಂದರೆ ಒಂದೇ," ಎಂದರು ಹೆಡ್ ಗುಮಾಸ್ತರು. "ಅದರಲ್ಲಿ ಏನೂ ತೊಂದರೆ ಇಲ್ಲ. ನೋಡಿದ ಕೂಡಲೇ ಸಹಿ ಹಾಕಿಬಿಡಬಹುದು."

"ಹಾಗಾದ್ರೆ ಹಾಕಿಸಿಬಿಡಿ ಸ್ವಾಮಿ!"

"ಅದಕ್ಕೇ ಹಾಕೋ ಹಾಗಿಲ್ಲ. ನಿಮ್ಮ ಮುಂದೆ ನಾನೂರ ಆರು ಕಾಗದ ಇವೆ, ಎಲ್ಲ ನಿಮ್ಮದಕ್ಕಿಂತ ಕಷ್ಟದವು."

ಸುಳ್ಳಲ್ಲ. ಕಚೇರಿಯ ಎದುರಿನ ಗಲ್ಲಿಯಲ್ಲಿ ಆಗಲೇ ಮೂರು ಅಂಗಡಿ ತೆರೆದಿದ್ದವು: "ಇಲ್ಲಿ ಅರ್ಜಿಗಳನ್ನು ಯೋಗ್ಯ ದರದಲ್ಲಿ ಕಷ್ಟಗೊಳಿಸಿಕೊಡಲಾಗುವುದು." ಒಂದು ನಲ್ಲಿ ಬೇಕೆಂದು ಬಂದವನು ಅಲ್ಲಿ ಅರ್ಧ ಗಂಟೆ ಕೂತರೆ ಅಣ್ಣತಮ್ಮಂದಿರ ವ್ಯಾಜ್ಯ, ಎರಡು ನಕಾಶೆ, ಸತ್ತವರ ಒಂದು ಸಹಿ ಸಮೇತ ಎದ್ದು ಬರುತ್ತಿದ್ದ. ಅಂಗಡಿಗಳು ಸಮಿತಿಯ ಸದಸ್ಯರ ಭಾವಮೈದುನರವು ಎಂಬುದರಲ್ಲಿ ವಿಶೇಷವೇನಿಲ್ಲ. ಕಷ್ಟಕ್ಕೆ ಆಗುವವರೇ ನೆಂಟರು.

ಟಪಾಲಮ್ಮ ಗಲ್ಲಿಗೆ ಹೋಗಲಿಲ್ಲ. ಮೂವತ್ತು ವರ್ಷ ಈ ಕಚೇರಿಯ ಅನ್ನ ಉಂಡವಳಿಗೆ ಸಲೀಸಾದದ್ದನ್ನು ಸಿಕ್ಕಾಗಿಸಲು ಹೊರಗಿನವರು ಕಲಿಸಬೇಕೆ? ಅರ್ಜಿ ವಾಪಸು ತೆಗೆದುಕೊಂಡು ಒಂದೇ ಸಾಲು ತಿದ್ದಿದಳು: "ರಜೆಯು ಮೊಮ್ಮಗು ತೀರ್ಮಾನಿಸಿದ ದಿನದಿಂದ ಜಾರಿಗೆ ಬರುವುದು."

ಸಮಿತಿ ಕುರ್ಚಿಯಿಂದ ಎದ್ದು ನಿಂತಿತು. ರಜೆಯ ದಿನ ತೀರ್ಮಾನಿಸುವವರು ನೌಕರರಲ್ಲ. ಅವರು ಇನ್ನೂ ಹುಟ್ಟಿಲ್ಲ. ಅವರಿಗೆ ನೋಟಿಸು ಜಾರಿ ಮಾಡುವುದು ಯಾವ ವಿಳಾಸಕ್ಕೆ? ಒಪ್ಪಿಗೆ ಸಹಿ ಯಾರದು? ತೊಂಬತ್ತೇಳು ಅಂಕ!

"ಅವಳಿಜವಳಿ ಆದ್ರೆ?" ಎಂದು ಹೆಡ್ ಗುಮಾಸ್ತರು ಮೆಲ್ಲಗೆ ಕೇಳಿದರು. "ಇಬ್ಬರ ತೀರ್ಮಾನ ಬೇರೆ ಬೇರೆ ಆದ್ರೆ?"

ನೂರಕ್ಕೆ ನೂರು. ಕಚೇರಿಯ ಇತಿಹಾಸದಲ್ಲೇ ಮೊದಲು. ಸಾಹೇಬರು ಆನಂದದಿಂದ ಗದ್ಗದಿತರಾಗಿ, ಉಳಿದ ನಾನೂರ ಆರು ಕಾಗದಗಳಿಗೆ ದಾರ ಬಿಗಿಸಿ, ಸ್ಥಳ ಪರಿಶೀಲನೆಗೆ ಆಜ್ಞೆ ಮಾಡಿದರು. ಸಾಹೇಬರು, ಸಮಿತಿಯ ಐವರು, ಹೆಡ್ ಗುಮಾಸ್ತರು ಜೀಪು ಹತ್ತಿದರು. ಕಡತ ಹೊರಲು ಟಪಾಲಮ್ಮನೂ ಹತ್ತಿದಳು, ಸರ್ಕಾರಿ ಕರ್ತವ್ಯದ ಮೇಲೆ.

ಜೀಪು ಪಟ್ಟಣ ಮುಟ್ಟುವಷ್ಟರಲ್ಲಿ ಮಗಳಿಗೆ ನೋವು ಶುರುವಾಗಿತ್ತು. ಹೆರಿಗೆ ವಾರ್ಡಿನ ಬಾಗಿಲಲ್ಲಿ ನರ್ಸು ಕೈ ಅಡ್ಡ ಹಿಡಿದಳು. "ಇಷ್ಟೊಂದು ಜನ ಗಂಡಸರು ಯಾರು?"

"ಇಲಾಖೆ," ಎಂದರು ಸಾಹೇಬರು.

ಒಳಗೆ ಹೋಗಲು ಬಿಟ್ಟದ್ದು ಟಪಾಲಮ್ಮನನ್ನು ಮಾತ್ರ. ಮಗಳ ಕೈ ಹಿಡಿದು ಎರಡು ಗಂಟೆ ಕೂತಳು. ಹೆಣ್ಣು ಮಗು, ಒಂದೇ ಒಂದು, ತಲೆತುಂಬ ಕೂದಲು. ಅಜ್ಜಿಗೆ ಖುಷಿಯಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೊರಗೆ ಸಮಿತಿ ಸಭೆ ಸೇರಿ ನಿರ್ಣಯಿಸಿತು: ಮಗು ತೀರ್ಮಾನ ಪ್ರಕಟಿಸಿದೆ, ಆದ್ದರಿಂದ ಕಷ್ಟ ನಿವಾರಣೆಯಾಗಿದೆ, ಆದ್ದರಿಂದ ಅರ್ಜಿ ಮತ್ತೆ ಎರಡು ಅಂಕಕ್ಕೆ ಇಳಿದಿದೆ. ರಜೆ ನಾನೂರ ಏಳನೆಯ ಸರದಿಗೆ. ಮಗಳು ಮನೆ ಸೇರಿದ ಮರುದಿನವೇ ಎಲ್ಲರೂ ವಾಪಸು.

"ಬಾಣಂತೀನ ಬಿಟ್ಟು ಹೇಗೆ ಬರ್ಲಿ?" ಎಂದು ಟಪಾಲಮ್ಮ ಅತ್ತೇಬಿಟ್ಟಳು. ಯಾರ ಬಳಿಯೂ ಅದಕ್ಕೆ ನಮೂನೆ ಇರಲಿಲ್ಲ.

ಹೊರಡುವ ದಿನ ಮಗಳ ಮನೆಯಲ್ಲಿ ಮಗು ಸೂರು ಹಾರಿಹೋಗುವಂತೆ ಕಿರುಚುತ್ತಿತ್ತು. ಸಾಹೇಬರು "ಇಲ್ಲಿ ಕೊಡಿ, ಮಲಗಿಸಿಬಿಡ್ತೀನಿ" ಎಂದು ಎತ್ತಿಕೊಂಡರು. ಒಂದು ಗಂಟೆಯಾದ ಮೇಲೆ, ಟೈ ಒದ್ದೆಯಾಗಿ, ಕೂದಲು ಕೆದರಿ, ಬೆವರುತ್ತ ಅವರು ಘೋಷಿಸಿದರು: "ನನ್ನ ಸೇವಾವಧಿಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಕಂಡಿಲ್ಲ. ನೂರ ಹನ್ನೆರಡು ಅಂಕ!"

ಸುತ್ತೋಲೆ ಸುತ್ತೋಲೆಯೇ. ಜೀಪು ನಿಂತಿತು. ಮಗು ಮಲಗುವ ತನಕ ವಾಪಸಾತಿಯೂ ಸೇರಿ ಸುಲಭದ ಕೆಲಸಗಳೆಲ್ಲ ಬಂದ್. ಅತ್ತ ಕಚೇರಿಯ ಬಾಗಿಲಿಗೆ ಪ್ರಕಟಣೆ ಅಂಟಿತು. ಖಾಲಿ ಬಕೆಟ್ಟು ಹಿಡಿದವರು ದಿನವೂ ಬಂದು "ಮಲಗಿತಾ?" ಎಂದು ಕೇಳುತ್ತಾರೆ. "ಇನ್ನೂ ಇಲ್ಲ" ಎಂದು ಕಾವಲುಗಾರ ಹೇಳುತ್ತಾನೆ. "ಪಾಪ, ಕೂಸು. ಅವಸರ ಮಾಡಬೇಡಿ" ಎಂದು ಹೋಗುತ್ತಾರೆ.

ಮೊನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಮಾತ್ರ ಅನಾಹುತವಾಗುವುದರಲ್ಲಿತ್ತು. ತೊಟ್ಟಿಲಲ್ಲಿ ಮಗು ಆಕಳಿಸಿ ಕಣ್ಣು ಮುಚ್ಚಿತು. ಅದು ಮಲಗಿದರೆ ಜೀಪು ಹೊರಡಬೇಕು, ನಾನೂರ ಆರು ಕಾಗದಗಳ ದಾರ ಬಿಚ್ಚಬೇಕು. ಇಲಾಖೆಯ ಮುಖ ಬಿಳಿಚಿತು. ಟಪಾಲಮ್ಮ ಮೆಲ್ಲಗೆ ಗೋಡೆಯ ಕಡೆ ತಿರುಗಿ ನಿಂತಳು. ಹೆಡ್ ಗುಮಾಸ್ತರು ಅತ್ತಿತ್ತ ನೋಡಿ ಒಂದು ಕೈಯಿಂದ ತೊಟ್ಟಿಲು ತೂಗುತ್ತ ಇನ್ನೊಂದು ಕೈ ಒಳಗೆ ಇಳಿಬಿಟ್ಟರು.

ಮಂಚದ ಮೇಲಿದ್ದ ಮಗಳು ಎಲ್ಲವನ್ನೂ ನೋಡುತ್ತಿದ್ದಳು.

"ಸ್ವಲ್ಪ ಮೆತ್ತಗೆ ಚಿವುಟಿ ಸಾರ್," ಎಂದಳು. "ಅಮ್ಮ ಇನ್ನೂ ಒಂದು ತಿಂಗಳು ಇರಬೇಕು."