ಉರ್ಬಾನೊ ಕಣ್ಣಾರೆ ಕಂಡ ರೇಸು

"ಇವತ್ತು ನಮ್ಮ ಹುಡುಗ ಗೆದ್ದೇ ಗೆಲ್ತಾನೆ."

ಉರ್ಬಾನೊ ಹೇಳಿದ್ದು ಇಷ್ಟೇ. ಬೇರೆ ಊರಿನಲ್ಲಾಗಿದ್ದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಆದರೆ ಅವನು ಹೇಳಿದ್ದು ರೊಮಾನ್ಯ ಸೀಮೆಯ ಮೊಂತೆಗ್ರಿಲ್ಲೊದಲ್ಲಿ, ಎರ್ಸಿಲಿಯಾಳ ಕಾಫಿ ಬಾರಿನಲ್ಲಿ, ಅದೂ ಬೈಕ್ ರೇಸಿನ ಭಾನುವಾರ ಬೆಳಿಗ್ಗೆ. ಗೆಲ್ಲುವ ಮಾತನ್ನು ನಮ್ಮೂರಿನಲ್ಲಿ ಗೆದ್ದ ಮೇಲೆ ಮಾತ್ರ ಆಡುತ್ತಾರೆ. ಅದಕ್ಕೆ ಮುಂಚೆ ಕೇಳಿದರೆ, "ನೋಡೋಣ, ಬಿದ್ದರೂ ಬಿದ್ದಾನು" ಅನ್ನುವುದು ಮರ್ಯಾದಸ್ಥರ ಲಕ್ಷಣ.

ಬಾರಿನಲ್ಲಿ ಚಮಚದ ಸದ್ದೂ ನಿಂತಿತು. ಕೆಡುಕು ತಾಗದಿರಲಿ ಎಂದು ಹೆಂಗಸರು ಕೈಗೆ ಸಿಕ್ಕ ಕಬ್ಬಿಣ ಮುಟ್ಟಿಕೊಂಡರು. ಒಬ್ಬಳಿಗೆ ಬೀಗದ ಕೈ ಸಿಕ್ಕಿತು, ಇನ್ನೊಬ್ಬಳಿಗೆ ಮೇಜಿನ ಕಾಲು. ಗಂಡಸರು ಅಪಶಕುನದ ಮಾತು ಕಿವಿಗೆ ಬಿದ್ದಾಗ ಎಲ್ಲಿ ಮುಟ್ಟಿಕೊಳ್ಳಬೇಕೋ ಅಲ್ಲಿ ಮುಟ್ಟಿಕೊಂಡರು. ಔಷಧಿ ಅಂಗಡಿಯವನು ಮಾತ್ರ ನಾಚಿಕೆಯ ಮನುಷ್ಯ, ಜೇಬಿನೊಳಗೆ ಕೈಬಿಟ್ಟು ಮುಟ್ಟಿಕೊಂಡ.

ಎರ್ಸಿಲಿಯಾ ಕೌಂಟರಿನ ಹಿಂದಿನಿಂದ ಈಚೆ ಬಂದಳು. ಬಾರು ಅವಳದು, ಆ ರೇಸಿನ ಹುಡುಗ ಇಲಾರಿಯೊನ ಅಭಿಮಾನಿಗಳ ಸಂಘದ ಅಧ್ಯಕ್ಷಗಿರಿಯೂ ಅವಳದೇ.

"ಏನಂದೆ?"

"ಏನಿಲ್ಲ. ಬಾಯಿ ತಪ್ಪಿ ಬಂತು."

"ಬೀಳ್ತಾನೆ ಅನ್ನು."

"ಹೆಂಗೆ ಅನ್ಲಿ ಎರ್ಸಿಲಿಯಾ? ನಾನೇ ಎತ್ತಿ ಆಡಿಸಿದ ಮಗು ಅದು."

"ಆಡಿಸಿದ್ದು ಸಾಕು. ಬೀಳ್ತಾನೆ ಅನ್ನು."

"ಬೀಳ್ತಾನೆ," ಅಂದ ಉರ್ಬಾನೊ. ಅನ್ನುವಾಗ ಅವನ ಕಣ್ಣು ಒದ್ದೆಯಾಯಿತು.

ಇಲಾರಿಯೊ ಗಾರ್ಡೆಲ್ಲಿ ಅವನ ಪಕ್ಕದ ಮನೆಯ ಹುಡುಗ. ಅಪ್ಪ ಸಮುದ್ರ ತೀರದ ಹೋಟೆಲಿನಲ್ಲಿ ಅಡಿಗೆಯವನು, ಭಾನುವಾರ ರಜೆ ಅನ್ನುವುದೇ ಇಲ್ಲ. ಹಾಗಾಗಿ ಸೂಪರ್‌ಮಾರ್ಕೆಟ್ಟಿನ ಹಿಂದಿನ ಪುಟ್ಟ ಟ್ರ್ಯಾಕಿಗೆ ಹುಡುಗನನ್ನೂ ಅವನ ಮೊಣಕಾಲೆತ್ತರದ ಬೈಕನ್ನೂ ಕರೆದುಕೊಂಡು ಹೋಗುತ್ತಿದ್ದದ್ದು ಉರ್ಬಾನೊನ ಮೀನಿನ ವ್ಯಾನು. ಬಂಗಡೆ ಪೆಟ್ಟಿಗೆಗಳ ನಡುವೆ ಬೈಕು, ಬೈಕಿನ ಮೇಲೆ ಹುಡುಗ. ಸ್ಪರ್ಧೆಯ ಬೇರೆ ಮಕ್ಕಳು ಅವನ ಪಕ್ಕ ನಿಲ್ಲುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಅವರಿಗೆ ಆ ವಾಸನೆ ಹಿಡಿಯುವಷ್ಟು ಹತ್ತಿರ ಬರಲಿಕ್ಕೇ ಆಗಲಿಲ್ಲ. ಊರ ಹುಡುಗರ ರೇಸು ಮುಗಿಸಿ ದೇಶದ ರೇಸು, ಅಲ್ಲಿಂದ ಸ್ಪೇನಿನವರ ರೇಸು, ಈಗ ಹತ್ತೊಂಬತ್ತನೇ ವಯಸ್ಸಿಗೆ ಲೋಕದ ರೇಸು. ಅವನು ಬೈಕನ್ನು ತಿರುವಿನಲ್ಲಿ ಮಲಗಿಸುವುದನ್ನು ಟಿವಿಯಲ್ಲಿ ಕಂಡವರೆಲ್ಲ ಉಸಿರು ಬಿಡುವುದನ್ನೇ ಮರೆಯುತ್ತಾರೆ. ಮಂಡಿ ನೆಲಕ್ಕೆ, ಮೊಣಕೈ ನೆಲಕ್ಕೆ, ಇನ್ನೇನು ಕಿವಿಯೂ ನೆಲಕ್ಕೆ ತಾಗಬೇಕು ಅನ್ನುವಾಗ ಎದ್ದು ಹೊರಟೇ ಹೋಗಿರುತ್ತಾನೆ. ನಮ್ಮಲ್ಲೇ ಹುಟ್ಟಿ, ನಮ್ಮ ರೊಟ್ಟಿಯನ್ನೇ ತಿಂದು ಬೆಳೆದವನಿಗೆ ಇದೆಲ್ಲಿಂದ ಬಂತು ಎಂದು ಊರಿಗೆ ಊರೇ ಇವತ್ತಿಗೂ ಬೆರಗಾಗುತ್ತದೆ.

ಅವನು ಲೋಕದ ರೇಸಿನಲ್ಲಿ ಮೊದಲ ಸಲ ಗೆದ್ದ ದಿನ ಯಾರು ಹೇಗಿದ್ದರೋ ಹಾಗೇ ಪ್ರತಿ ರೇಸಿಗೂ ಇರಬೇಕು ಅನ್ನುವುದು ಎರ್ಸಿಲಿಯಾಳ ಕಾನೂನು. ಔಷಧಿ ಅಂಗಡಿಯವನಿಗೆ ಅವತ್ತು ಶೀತ, ಉಣ್ಣೆಯ ಟೊಪ್ಪಿ ಹಾಕಿದ್ದ. ಈಗ ಸುಡುಬೇಸಿಗೆಯಲ್ಲೂ ಅದನ್ನೇ ಹಾಕಿಕೊಂಡು ಬೆವರುತ್ತಾನೆ. ಒಂದು ಗಂಡಹೆಂಡತಿ ಅವತ್ತು ಜಗಳವಾಡಿ ಬೇರೆ ಬೇರೆ ಮೇಜಿಗೆ ಕೂತಿದ್ದರು. ಅವರಿಬ್ಬರೂ ಅವತ್ತು ಸಾಯಂಕಾಲವೇ ರಾಜಿಯಾದರು, ಆದರೂ ರೇಸಿದ್ದಾಗ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ದೂರವೇ ಕೂರಬೇಕು. ಉರ್ಬಾನೊ ಅವತ್ತು ಸಮುದ್ರದ ರಸ್ತೆಯಲ್ಲಿ ವ್ಯಾನಿನ ಚಕ್ರ ಪಂಚರಾಗಿ ನಿಂತಿದ್ದ. ಆದ್ದರಿಂದ ಅವನ ಜಾಗ ಸಮುದ್ರದ ರಸ್ತೆ. ಈ ವರ್ಷ ಅವನು ಕದ್ದು ಬಂದು ಬಾರಿನ ಮೂಲೆಯಲ್ಲಿ ನಿಂತದ್ದು ಎರಡು ಸಲ. ಎರಡು ಸಲವೂ ಹುಡುಗ ಜಾರಿ ಮರಳಿನಲ್ಲಿ ಪಲ್ಟಿ ಹೊಡೆದ. ಮೊದಲನೆಯದಕ್ಕೆ ಊರು ಸುಮ್ಮನಿತ್ತು, ಎರಡನೆಯದಕ್ಕೆ ಅವನ ಬಳಿ ಮೀನು ಕೊಳ್ಳುವುದನ್ನೇ ಬಿಟ್ಟಿತು.

ಹೀಗಾಗಿ ಆ ಹುಡುಗ ಲೋಕದ ರೇಸಿನಲ್ಲಿ ಗೆದ್ದದ್ದನ್ನು ಉರ್ಬಾನೊ ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. ಇವತ್ತು ಸ್ಪೇನಿನಲ್ಲಿ ವರ್ಷದ ಕೊನೆಯ ರೇಸು. ಗೆದ್ದರೆ ಇಲಾರಿಯೊ ಲೋಕಕ್ಕೇ ಚಾಂಪಿಯನ್, ಇಲ್ಲವಾದರೆ ಅವನ ಎದುರಾಳಿ, ಸ್ಪೇನಿನ ಒಬ್ಬ ಹುಡುಗ. ಒಂದೇ ಒಂದು ಸಲ, ಇದೊಂದು ರೇಸನ್ನು ನೋಡಿಬಿಡುತ್ತೇನೆ ಎಂದು ಅವನು ಗಡ್ಡ ಹೆರೆದುಕೊಂಡು, ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಬಂದಿದ್ದ.

"ಮೂಲೇಲಿ ನಿಂತ್ಕೋತೀನಿ," ಅಂದ. "ಉಸಿರು ಸಹ ಬಿಡಲ್ಲ."

"ಸಮುದ್ರಕ್ಕೆ ಹೋಗು," ಅಂದಳು ಎರ್ಸಿಲಿಯಾ. "ದಾರೀಲಿ ಬೇರೆ ಬಾರಿಗೆ ನುಗ್ಗೋ ಯೋಚನೆ ಇದ್ರೆ ಬಿಟ್ಬಿಡು. ಕಣಿವೇಲಿರೋ ಎಲ್ಲ ಬಾರಿಗೂ ನಿನ್ನೆಯೇ ಫೋನ್ ಮಾಡಿ ಹೇಳಿದೀನಿ."

ಉರ್ಬಾನೊ ವ್ಯಾನು ಹತ್ತಿದ, ಚೌಕ ದಾಟಿದ, ಹಿಂದಿನ ಬೀದಿಯಿಂದ ನೇರ ಮನೆಗೆ ಬಂದ. ಟಿವಿ ಅಲ್ಲೇ ಇತ್ತು, ಆದರೆ ತಂತಿ ಇರಲಿಲ್ಲ. ಅವನ ಅಕ್ಕ ಆರ್ಜಿಯಾ ಅದನ್ನು ಕಿತ್ತು ಕೈಚೀಲದಲ್ಲಿಟ್ಟುಕೊಂಡು ಬಾರಿಗೆ ಹೋಗಿ ಕೂತಿದ್ದಳು. ಒಡಹುಟ್ಟಿದವಳೇ ಹೀಗೆ ಮಾಡಿದ ಮೇಲೆ ಯಾರನ್ನು ನಂಬುವುದು? ಅವನ ಫೋನಿನಲ್ಲಿ ನೋಡೋಣವೆಂದರೆ ಅದು ಗುಂಡಿ ಒತ್ತುವ ಕಾಲದ್ದು. ಮಾತು ಬರುತ್ತದೆ, ಚಿತ್ರ ಬರುವುದಿಲ್ಲ.

ಕೊನೆಗೆ ಇಲಾರಿಯೊನ ತಾಯಿ ವಿಲ್ಮಾಳ ಬಾಗಿಲು ತಟ್ಟಿದ. ಅವಳು ಮಗನ ರೇಸನ್ನು ಯಾವತ್ತೂ ನೋಡುವವಳಲ್ಲ. ಅಡಿಗೆಮನೆಯಲ್ಲಿ ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಲಟ್ಟಿಸುತ್ತಿದ್ದಳು. ಲಟ್ಟಿಸಿದ್ದು ಮೇಜು ತುಂಬಿ, ಕುರ್ಚಿಗಳ ಬೆನ್ನಿಗೆ ಬಂದು, ಈಗ ಹೊಲಿಗೆ ಯಂತ್ರದ ಮೇಲೂ ಒಣಗುತ್ತಿತ್ತು. ಇಡೀ ಊರಿಗೆ ಬಡಿಸಬಹುದಿತ್ತು.

"ವಿಲ್ಮಾ, ನಿಮ್ಮ ಟಿವಿ..."

"ಉರ್ಬಾನಣ್ಣ," ಅಂದಳು. ಲಟ್ಟಣಿಗೆ ನಿಲ್ಲಲಿಲ್ಲ. "ನೀವು ನನಗೆ ಅಣ್ಣ ಇದ್ದ ಹಾಗೆ. ಅವನಿಗೆ ಬೈಕ್ ಹತ್ತೋದು ಕಲಿಸಿದ್ದು ನೀವೇ. ನನಗೆ ಈ ಶಕುನಗಿಕುನದಲ್ಲಿ ನಂಬಿಕೆ ಇಲ್ಲ."

"ನಂಗೊತ್ತಮ್ಮ."

"ಆದ್ರೆ ಹೋದ ಸಲ ನೀವು ನೋಡಿದಾಗ ಭುಜ ಮುರ್ಕೊಂಡ. ಇವತ್ತೊಂದಿನ ಬೇಡ ಅಣ್ಣ. ನಿಮ್ಮ ಕಾಲಿಗೆ ಬೀಳ್ತೀನಿ."

ಉರ್ಬಾನೊ ಸಮುದ್ರಕ್ಕೇ ಹೋಗ್ತೀನಮ್ಮ ಎಂದು ಮಾತು ಕೊಟ್ಟ. ಕೊಡುವಾಗ ಅದು ನಿಜವೇ ಆಗಿತ್ತು. ವ್ಯಾನಿನ ಕಡೆ ನಡೆದೂ ಹೊರಟ. ಆದರೆ ದಾರಿ ಪಾದ್ರಿಗಳ ಮನೆಯ ಹಿತ್ತಲ ಗೋಡೆಯನ್ನು ಬಳಸಿ ಹೋಗುತ್ತದೆ, ಆ ಗೋಡೆಯಾಚೆಯಿಂದ ಆರಂಭದ ಸಾಲಿನಲ್ಲಿ ನಿಂತ ಬೈಕುಗಳ ಗುರ್ರೆನ್ನುವ ಸದ್ದು ಕೇಳಿತು. ಅವನ ಕಾಲು ತಾನಾಗಿಯೇ ನಿಂತಿತು.

ಪಾದ್ರಿ ದೋನ್ ಗ್ವಾಲ್ತಿಯೇರೊ ಅವತ್ತು ಬೆಳಗಿನ ಪೂಜೆಯಲ್ಲಿ, "ಭರವಸೆ ಇಡೋದಾದ್ರೆ ದೇವರ ಮೇಲೆ ಇಡಿ, ಕಬ್ಬಿಣದ ಮೇಲಲ್ಲ" ಎಂದು ಊರನ್ನೆಲ್ಲ ಬೈದಿದ್ದರು. ಬಾಗಿಲು ತಟ್ಟಿದರೆ ಒಳಗೆ ಕರೆದಾರು ಎಂದು ಉರ್ಬಾನೊಗೆ ಅನಿಸಿತು. ಬಾಗಿಲಿಗೆ ಹೋಗುವಷ್ಟು ಹೊತ್ತಿರಲಿಲ್ಲ. ಗೋಡೆ ಹತ್ತಿ ಆಚೆ ಧುಮುಕಿದ. ಬಿದ್ದದ್ದು ಪಾದ್ರಿಗಳ ಕೋಳಿಗೂಡಿನೊಳಗೆ.

ಮದುವೆ ಕೋಟಿನ ಬೆನ್ನು ಪರ್ರೆಂದು ಹರಿಯಿತು. ಕೋಳಿಗಳು ಮೂಲೆ ಸೇರಿ ಬೊಬ್ಬೆ ಹಾಕಿದವು. ಗೂಡಿಗೆ ಎದುರಾಗಿ ಕಿಟಕಿ, ಕಿಟಕಿಯೊಳಗೆ ಟಿವಿ. ಆದರೆ ಕಿಟಕಿಯ ಬಾಗಿಲು ಅರ್ಧ ಮುಚ್ಚಿತ್ತು. ಪೂರ್ತಿ ಕಾಣುವುದು ಒಂದೇ ಜಾಗದಿಂದ, ಬಲಗಾಲನ್ನು ಮಗುಚಿಟ್ಟ ಬಕೆಟ್ಟಿನ ಮೇಲೆ, ಎಡಗಾಲನ್ನು ಕೋಳಿಗಳು ನೀರು ಕುಡಿಯುವ ತೊಟ್ಟಿಯಲ್ಲಿ ಇಟ್ಟು ಸೊಂಟ ಬಾಗಿಸಿದರೆ. ನವೆಂಬರ್ ತಿಂಗಳ ನೀರು ಮಂಜುಗಡ್ಡೆಯಂತಿತ್ತು. ಉರ್ಬಾನೊ ಬೂಟು ಸಮೇತ ಇಳಿಸಿದ. ಒಳಗೆ ಪಾದ್ರಿಗಳು ಜಪಮಾಲೆ ಹಿಡಿದು ಕೂತಿದ್ದರು. ಅವರ ಚಪ್ಪಲಿಗಳು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹುಡುಗ ಮೊದಲು ಗೆದ್ದ ದಿನ ಗಡಿಬಿಡಿಯಲ್ಲಿ ಹಾಗೆ ಮೆಟ್ಟಿಕೊಂಡಿದ್ದರಂತೆ. ಬಾಗಿಲು ತಟ್ಟದೆ ಒಳ್ಳೆಯದೇ ಮಾಡಿದೆ ಅಂದುಕೊಂಡ ಉರ್ಬಾನೊ.

ದೀಪ ಆರಿತು, ಬೈಕುಗಳು ಹಾರಿದವು. ಮೊದಲ ತಿರುವಿನಲ್ಲೇ ಯಾರೋ ಅಡ್ಡ ಬಂದು ಇಲಾರಿಯೊ ತೀರ ಹಿಂದೆ ಬಿದ್ದ. ನಾನು ನೋಡ್ತಿದೀನಲ್ಲ, ನನ್ನಿಂದಲೇ ಇದು, ಹೋಗಿಬಿಡಬೇಕು ಅಂದುಕೊಂಡ ಉರ್ಬಾನೊ. ಆಗ ಒಂದು ಚುಕ್ಕೆ ಚುಕ್ಕೆಯ ಕೋಳಿ ಹಾರಿ ಬಂದು ಅವನ ಭುಜದ ಮೇಲೆ ಕೂತಿತು. ಅದನ್ನು ಓಡಿಸೋಣವೆಂದರೆ ಕೂಗೀತು, ಕೂಗಿದರೆ ಪಾದ್ರಿಗಳು ತಿರುಗಿಯಾರು. ಹೋಗಲಿಕ್ಕೂ ಆಗದೆ ಅಲ್ಲಾಡಲಿಕ್ಕೂ ಆಗದೆ ನಿಂತ.

ಆಮೇಲೆ ಅವನಿಗೆ ಕಾಲಿನ ಚಳಿಯೂ ತಿಳಿಯಲಿಲ್ಲ, ಕೋಳಿಯ ಉಗುರೂ ತಿಳಿಯಲಿಲ್ಲ. ಹುಡುಗ ಒಬ್ಬೊಬ್ಬರನ್ನೇ ದಾಟುತ್ತಿದ್ದ. ಮುಂದಿನವನ ಬೆನ್ನಿಗಂಟಿ ಗಾಳಿಯ ಮರೆಯಲ್ಲಿ ಸಾಗಿ, ತಿರುವು ಬಂದಾಗ ಎಲ್ಲರೂ ಬ್ರೇಕು ಹಿಡಿದರೂ ತಾನು ಹಿಡಿಯದೆ, ಇನ್ನೂ ಹಿಡಿಯದೆ, ಈಗ ಸತ್ತ ಅನ್ನುವ ಹೊತ್ತಿಗೆ ಹಿಡಿದು, ಸೂಜಿ ಹೋಗುವಷ್ಟು ಸಂದಿಯಲ್ಲಿ ನುಗ್ಗುತ್ತಿದ್ದ. ವ್ಯಾನಿನಲ್ಲಿ ಬಂಗಡೆಗಳ ಮಧ್ಯೆ ನಿದ್ದೆ ಹೋಗುತ್ತಿದ್ದ ಆ ಪುಟಾಣಿ ಇವನೇನಾ? ಇಂಥದ್ದನ್ನು ನೋಡಲಿಕ್ಕೆ ಮನುಷ್ಯನಿಗೆ ಕಣ್ಣು ಕೊಟ್ಟಿದ್ದಾನಲ್ಲ ದೇವರು ಎಂದು ಉರ್ಬಾನೊಗೆ ಅನಿಸಿತು. ಜಾತ್ರೆಗೆ ಬಂದ ಮಗುವಿನ ಹಾಗೆ ಅವನ ಬಾಯಿ ತೆರೆದೇ ಇತ್ತು.

ಕೊನೆಯ ಸುತ್ತು, ಕೊನೆಯ ತಿರುವು. ಮುಂದೆ ಆ ಸ್ಪೇನಿನ ಹುಡುಗ ಒಬ್ಬನೇ. ಇಲಾರಿಯೊ ತಿರುವಿನ ಹೊರಬದಿಯಿಂದ ಬಂದ. ಹೊರಗಿನಿಂದ ಯಾರೂ ಬರುವುದಿಲ್ಲ, ಅಲ್ಲಿ ಜಾಗವೇ ಇಲ್ಲ. ಬೈಕಿನ ಹಿಂದಿನ ಚಕ್ರ ಜಾರಿತು, ಮೊಣಕೈ ನೆಲ ಕೆರೆಯಿತು, ಪಾದ್ರಿಗಳು "ಓ ಮಾತಾಯಿ" ಎಂದು ಎದ್ದು ನಿಂತರು. ಬೈಕು ಹೇಗೆ ಎದ್ದಿತೋ ಗೊತ್ತಿಲ್ಲ, ಅದನ್ನು ಓಡಿಸಿದವನಿಗೂ ಗೊತ್ತಿರಲಿಕ್ಕಿಲ್ಲ. ಗೆರೆ ದಾಟುವಾಗ ಇಲಾರಿಯೊ ಅರ್ಧ ಚಕ್ರ ಮುಂದಿದ್ದ.

ಪಾದ್ರಿಗಳು ತಿರುಗುಮುರುಗು ಚಪ್ಪಲಿಯಲ್ಲೇ ಗಂಟೆ ಬಾರಿಸಲು ಓಡಿದರು. ಉರ್ಬಾನೊ ಕೋಳಿಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಗಂಟೆ ಮೊಳಗುತ್ತಿತ್ತು, ಚೌಕದಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ದೂರ ಕೂತಿದ್ದ ಗಂಡಹೆಂಡತಿ ಮುದ್ದಾಡುತ್ತಿದ್ದರು. ವಿಲ್ಮಾ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಅಲ್ಲಿಗೆ ಉರ್ಬಾನೊ ಓಡಿ ಬಂದ. ತಲೆ ತುಂಬ ಪುಕ್ಕ, ಕೋಟಿನ ಬೆನ್ನು ಎರಡು ಭಾಗ, ಒಂದು ಬೂಟಿನಲ್ಲಿ ಪಚಪಚ ನೀರು.

"ನೋಡ್ದೆ," ಅಂತ ಕೂಗಿದ. "ಶುರುವಿಂದ ಕೊನೇವರ್ಗೂ ನೋಡ್ದೆ. ನನ್ನ ಕಣ್ಣೆದುರಿಗೇ ಗೆದ್ದ. ಇನ್ನು ಮೇಲೆ ನನ್ನ ಕಂಡು ಯಾರೂ ಕಬ್ಬಿಣ ಮುಟ್ಟೋ ಹಾಗಿಲ್ಲ. ಮುಂದಿನ ವರ್ಷ ಮೊದಲ್ನೇ ಕುರ್ಚಿ ನಂದು."

ಕುಣಿತ ನಿಂತಿತು. ಎರ್ಸಿಲಿಯಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಲ್ಲಿಂದ ನೋಡ್ದೆ?"

"ಫಾದರ್ ಕೋಳಿಗೂಡಿಂದ."

"ನಿಂತ್ಕೊಂಡೋ, ಕೂತ್ಕೊಂಡೋ?"

"ಬಕೆಟ್ ಮೇಲೊಂದು ಕಾಲು, ನೀರಲ್ಲೊಂದು ಕಾಲು. ಹೆಗಲ ಮೇಲೆ ಕೋಳಿ ಬೇರೆ. ಯಾಕೆ?"

ಔಷಧಿ ಅಂಗಡಿಯವನು ಬೆವರಿದ ಟೊಪ್ಪಿ ತೆಗೆದು ಬಹಳ ಗೌರವದಿಂದ ಉರ್ಬಾನೊನ ಒದ್ದೆ ಬೂಟನ್ನು ನೋಡಿದ. ಪಾದ್ರಿಗಳು ಗಂಟೆ ಮುಗಿಸಿ ಏದುಸಿರು ಬಿಡುತ್ತ ಬಂದರು.

"ಫಾದರ್, ಯಾವ ಕೋಳಿ ಅದು?" ಎಂದು ಎರ್ಸಿಲಿಯಾ ಕೇಳಿದಳು.

"ಮೂಢನಂಬಿಕೆ ಪಾಪ," ಅಂದರು ಪಾದ್ರಿಗಳು. ಉರ್ಬಾನೊನ ಹೆಗಲಿನ ಪುಕ್ಕವೊಂದನ್ನು ತೆಗೆದು ಬೆಳಕಿಗೆ ಹಿಡಿದರು. "ಇದು ಚುಕ್ಕೇದು. ಅದನ್ನ ಸಾರು ಮಾಡಬೇಕು ಅಂತಿದ್ದೆ. ಇನ್ನು ಮಾಡಲ್ಲ ಬಿಡಿ."

ಆಗ ಬಾರಿನ ಫೋನು ಬಡಿದುಕೊಂಡಿತು. ಸ್ಪೇನಿನಿಂದ ಇಲಾರಿಯೊ. ತಾಯಿಯ ಹತ್ತಿರ ಅತ್ತು, ನಕ್ಕು, ಆಮೇಲೆ ಕೇಳಿದನಂತೆ, ಉರ್ಬಾನೊ ಮಾಮ ಎಲ್ಲಿ ಅಂತ. ವಿಲ್ಮಾ ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಜೋರು ಮಾಡಿ ಅವನ ಕೈಗೆ ಕೊಟ್ಟಳು.

"ಮಾಮ, ಮುಂದಿನ ವರ್ಷ ದೊಡ್ಡ ಬೈಕ್ ಸಿಕ್ತು. ತಂಡದವರು ಟ್ರ್ಯಾಕ್ ಪಕ್ಕದ ಗ್ಯಾರೇಜಲ್ಲಿ ನನ್ನ ಕಡೆಯವರಿಗೆ ಅಂತ ಒಂದು ಕುರ್ಚಿ ಕೊಡ್ತಾರೆ. ಅಮ್ಮ ಅಂತೂ ಬರಲ್ಲ. ನಿನ್ನ ಹೆಸರು ಹೇಳಿದೀನಿ. ಎಲ್ಲಾ ರೇಸಿಗೂ ನೀನು ನನ್ನ ಜೊತೇನೇ. ಊರವರು ಏನಾದ್ರೂ ಬೊಗಳಿಕೊಳ್ಳಲಿ."

ಬಂಗಡೆ ಪೆಟ್ಟಿಗೆಗಳಿಂದ ಗ್ಯಾರೇಜಿನ ಕುರ್ಚಿಯವರೆಗೆ ಇಬ್ಬರೂ ಒಟ್ಟಿಗೇ ಬಂದಂತಾಯಿತು. ಉರ್ಬಾನೊ ಮೂಗು ಒರೆಸಿಕೊಳ್ಳಲು ಹೋದ ಆ ಒಂದು ಕ್ಷಣದಲ್ಲಿ ಎರ್ಸಿಲಿಯಾ ಫೋನು ಕಿತ್ತುಕೊಂಡಳು.

"ಇಲಾರಿಯೊ, ನಾನಪ್ಪ ಎರ್ಸಿಲಿಯಾ. ಒಂದು ವಿಷಯ ಗೊತ್ತಿರಲಿ ನಿಂಗೆ." ಕೋಳಿಗೂಡು, ಬಕೆಟ್ಟು, ತೊಟ್ಟಿ, ಚುಕ್ಕೆ ಕೋಳಿ, ಎಲ್ಲವನ್ನೂ ಬಿಡದೆ ಹೇಳಿದಳು.

ಹುಡುಗ ನಗುತ್ತಾನೆ ಎಂದು ಉರ್ಬಾನೊ ಕಾದ. ಗಾಳಿಗಿಂತ ಜೋರಾಗಿ ಹೋಗುವ ಬೈಕನ್ನು ಜಾಗವೇ ಇಲ್ಲದ ಕಡೆ ನುಗ್ಗಿಸುವ ಹುಡುಗ, ಭುಜ ಮುರಿದರೂ ಮತ್ತೆ ಬೈಕು ಹತ್ತಿದ ಹುಡುಗ. ಅಂಥವನಿಗೆ ಯಾವುದರ ಹೆದರಿಕೆ?

"ಮಾಮ," ಅಂತು ಫೋನು, ಬಹಳ ಮೆಲ್ಲಗೆ. "ನೀರಲ್ಲಿದ್ದಿದ್ದು ಯಾವ ಕಾಲು?"

"ಎಡಗಾಲು ಕಣಪ್ಪ."

"ಹಂಗಾದ್ರೆ," ಅಂದ ಲೋಕದ ಚಾಂಪಿಯನ್, "ಕುರ್ಚಿ ಬೇರೆ ಯಾರಿಗಾದ್ರೂ ಕೊಡ್ತೀನಿ. ನೀನು ಅಲ್ಲೇ ಇರು ಮಾಮ."